ಮಾತೃಕೆ ಮತ್ತು ಪ್ರತಿ: ಗ್ರಾಮಫೋನ್ ತಟ್ಟೆಯಿಂದ ಸಿ.ಡಿ.ವರೆಗೆ

ಪ್ರಾಚೀನ ಕಾವ್ಯಗಳ ಸಂಪಾದನೆಯಲ್ಲಿ ಕೈಯಾಡಿಸಿದವರಿಗೆ ಮಾತೃಕೆ ಎಂಬ ಮಾತು ಚಿರಪರಿಚಿತವಾದುದು. ಯಾವ ಓಲೆಯ ಕಟ್ಟನ್ನು ಮುಂದಿಟ್ಟುಕೊಂಡು ಲಿಪಿಕಾರನು ಹೊಸ ಗರಿಗಳ ಮೇಲೆ ಬರೆದನೋ ಅದು ಮಾತೃಕೆ. ಅದರಿಂದ ಹುಟ್ಟಿದುದು ಪ್ರತಿ. ಧ್ವನಿತಟ್ಟೆಗಳನ್ನು ತಯಾರಿಸುವ ಕಾರ್ಖಾನೆಗಳಲ್ಲಿಯೂ ಇದಕ್ಕೆ ಸಂವಾದಿಯಾದ ಪರಿಭಾಷೆಯೊಂದು ಇಪ್ಪತ್ತನೆಯ ಶತಮಾನದಲ್ಲಿ ರೂಢಿಗೆ ಬಂದಿತು. ಅಲ್ಲಿ 'ತಂದೆ', 'ತಾಯಿ', 'ಮಗ' ಎಂಬ ಹೆಸರಿನ ಮೂರು ಬಗೆಯ ಲೋಹದ ಫಲಕಗಳುಂಟು. ಇವನ್ನು ಒಟ್ಟಾಗಿ 'ಮ್ಯಾಟ್ರಿಕ್ಸ್' ಎಂದು ಕರೆಯುವುದೂ ಉಂಟು. ಈ ಲ್ಯಾಟಿನ್ ಶಬ್ದವೂ ನಮ್ಮ ಮಾತೃಕೆಯಂತೆಯೇ ತಾಯಿ ಎಂಬ ಅರ್ಥದ ಮೂಲದಿಂದ ಬಂದುದೆಂಬುದು ಭಾಷಾಶಾಸ್ತ್ರದ ವಿದ್ಯಾರ್ಥಿಗಳಿಗೆ ಸ್ವಾರಸ್ಯವಾಗಿ ತೋರಬಹುದು. ಈ ಹೋಲಿಕೆ ಹೆಸರಿನ ಮಟ್ಟದಲ್ಲಿಯೇ ನಿಲ್ಲುವುದಿಲ್ಲ ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಒಂದು ವಸ್ತುವಿಗೆ ಅನೇಕ ಪ್ರತಿಗಳನ್ನು ಮಾಡುವುದಕ್ಕೆ ಎರಡು ಮಾರ್ಗಗಳಿವೆ. ಮೊದಲನೆಯದು ಬರೆದು ಮಾಡುವ ಮಾರ್ಗ. ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದನ್ನು ನಮ್ಮ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಆ ದಾನದ ಹಿರಿಮೆಯನ್ನು ಕೊಂಡಾಡುವಾಗ ಅದರ ಹಿಂದಿದ್ದ ದುಡಿಮೆಯನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಸಾವಿರ ಪ್ರತಿಗಳೆಂದರೆ ಅದೇ ಕಾವ್ಯವನ್ನು ಮೊದಲ ಪದ್ಯದಿಂದ ಕೊನೆಯ ಪದ್ಯದವರೆಗೆ ಸಾವಿರ ಸಲ ಬರೆಯುವುದೆಂದೇ ಅರ್ಥ. ಎರಡನೆಯದು ಒತ್ತಿ ಮಾಡುವ ಮಾರ್ಗ. ಅರಗಿನ ಮೇಲೆ ಮುದ್ರೆಯುಂಗುರವನ್ನು ಒತ್ತಿದಂತೆ, ಒಂದು ಅಚ್ಚನ್ನು ಸಿದ್ಧಪಡಿಸಿಕೊಂಡು ಅದರ ಸಮಗ್ರರೂಪವನ್ನು ಒಂದೇ ಏಟಿಗೆ ಇನ್ನೊಂದು ವಸ್ತುವಿನ ಮೇಲೆ ಮೂಡಿಸುವುದು. ಇಲ್ಲಿ ಶ್ರಮವೆಲ್ಲ ಅಚ್ಚಿನದು. ಪ್ರತಿಯದು ಏನೂ ಇಲ್ಲವೆಂದರೂ ಸಲ್ಲುತ್ತದೆ.

ನಾವು ಸಿ.ಡಿ. ಎಂಬ ಒಂದೇ ಹೆಸರಿನಿಂದ ಕರೆಯುತ್ತ ಬಂದ ತಟ್ಟೆಗಳಲ್ಲಿ ಈ ಎರಡು ಕುಲಗಳೂ ಬೆರೆತಿವೆ. ಆಕಾರ, ಗಾತ್ರ, ತೂಕಗಳಲ್ಲಿ ಅವುಗಳೊಳಗೆ ಭೇದವಿಲ್ಲ; ಒಂದೇ ಯಂತ್ರದಲ್ಲಿ ಎರಡೂ ಓಡುತ್ತವೆ. ಆದರೆ ಅವು ಹುಟ್ಟಿದ ಬಗೆ ಬೇರೆ, ಬಾಳುವ ಬಗೆ ಬೇರೆ, ಇತಿಹಾಸಕಾರನಿಗೆ ಅವು ಕೊಡುವ ಸಾಕ್ಷ್ಯವೂ ಬೇರೆ. ಕಳೆದ ಕಾಲು ಶತಮಾನದಲ್ಲಿ ನಮ್ಮ ಗ್ರಂಥಭಂಡಾರಗಳಲ್ಲಿ ಓಲೆಯ ಪ್ರತಿಗಳ ಛಾಯಾಚಿತ್ರಗಳು, ಜಾನಪದ ಹಾಡುಗಳ ಧ್ವನಿಮುದ್ರಣಗಳು, ಸಂದರ್ಶನಗಳು ಇಂಥ ತಟ್ಟೆಗಳಲ್ಲಿಯೇ ಶೇಖರವಾಗಿರುವುದರಿಂದ ಈ ವಿಚಾರವು ಕೇವಲ ಯಂತ್ರಶಾಸ್ತ್ರಜ್ಞರಿಗೆ ಬಿಟ್ಟುಕೊಡತಕ್ಕದ್ದಲ್ಲ.

ವಿಷಯವನ್ನು ಅದರ ಮೂಲದಿಂದ ಹಿಡಿಯುವುದು ಲೇಸು. ೧೮೭೭ರಲ್ಲಿ ಥಾಮಸ್ ಎಡಿಸನ್ ನಿರ್ಮಿಸಿದ ಫೋನೋಗ್ರಾಫು ಧ್ವನಿಯನ್ನು ತವರದ ಹಾಳೆಯ ಮೇಲೂ, ಮುಂದೆ ಸುಧಾರಿಸಿದ ರೂಪದಲ್ಲಿ ಮೇಣದ ಉರುಳೆಯ ಮೇಲೂ ಬರೆಯುತ್ತಿತ್ತು. ಬರೆಯುವುದಕ್ಕೆ ಅದು ಒಳ್ಳೆಯ ಸಾಧನ. ಪ್ರತಿ ಮಾಡುವುದಕ್ಕೆ ಅಲ್ಲ. ೧೮೯೦ರ ಆಸುಪಾಸಿನಲ್ಲಿ ಒಂದು ಹಾಡಿನ ನೂರು ಉರುಳೆಗಳು ಬೇಕಾದರೆ ಗಾಯಕನು ಸಾಲಾಗಿ ಇಟ್ಟ ಹಲವು ಯಂತ್ರಗಳ ಎದುರು ನಿಂತು ಹಾಡಬೇಕಾಗಿತ್ತು. ಉರುಳೆಗಳನ್ನು ಬದಲಿಸಿದ ಮೇಲೆ ಅದೇ ಹಾಡನ್ನು ಮತ್ತೆ ಹಾಡಬೇಕಾಗಿತ್ತು. ಆದಕಾರಣ ಒಂದೇ ಹೆಸರನ್ನು ಹೊತ್ತ ಎರಡು ಉರುಳೆಗಳಲ್ಲಿ ಇರುವುದು ಎರಡು ಬೇರೆ ಬೇರೆ ಗಾಯನಗಳಾಗಿರಬಹುದು. ಪಾಠಾಂತರವೆಂದರೆ ಇದಕ್ಕಿಂತ ಬೇರೆ ಏನು? ಒಂದು ಉರುಳೆಯಿಂದ ಇನ್ನೊಂದಕ್ಕೆ ಗೆರೆಯನ್ನು ಯಾಂತ್ರಿಕವಾಗಿ ನಕಲಿಳಿಸುವ ಉಪಾಯವೂ ಬಂದಿತು. ಆದರೆ ಮೂಲದ ಮೇಣ ಬೇಗ ಸವೆಯುತ್ತಿತ್ತು, ನಕಲಿನ ಧ್ವನಿಯೂ ಮೂಲಕ್ಕಿಂತ ಕ್ಷೀಣವಾಗುತ್ತಿತ್ತು.

ಈ ತೊಡಕನ್ನು ಬಿಡಿಸಿದವನು ಎಮಿಲ್ ಬರ್ಲಿನರ್. ಆತ ೧೮೫೧ರಲ್ಲಿ ಜರ್ಮನಿಯ ಹ್ಯಾನೋವರ್ ನಗರದಲ್ಲಿ ಹುಟ್ಟಿ, ೧೮೭೦ರಲ್ಲಿ ಅಮೆರಿಕೆಗೆ ವಲಸೆ ಹೋದವನು. ೧೮೮೭ರಲ್ಲಿ ಆತ ಹಕ್ಕು ಪಡೆದ ಗ್ರಾಮಫೋನಿನ ಮುಖ್ಯ ಗುಣವನ್ನು ಅನೇಕರು ಉರುಳೆಯ ಬದಲು ತಟ್ಟೆಯೆಂದು ತಿಳಿಯುತ್ತಾರೆ. ಇದು ಅರ್ಧಸತ್ಯ. ತಟ್ಟೆಯ ನಿಜವಾದ ಪ್ರಯೋಜನವೆಂದರೆ ಅದು ಚಪ್ಪಟೆಯಾದುದು, ಚಪ್ಪಟೆಯಾದುದನ್ನು ಒತ್ತಬಹುದು. ಬರ್ಲಿನರನು ಮೊದಲು ಸತುವಿನ ತಟ್ಟೆಗೆ ಜೇನುಮೇಣದ ತೆಳುವಾದ ಲೇಪವನ್ನು ಕೊಟ್ಟು, ಮುಳ್ಳಿನಿಂದ ಆ ಲೇಪವನ್ನು ಗೀರಿಸಿ, ಗೀರು ಬಿದ್ದ ಕಡೆ ಆಮ್ಲದಿಂದ ಸತುವನ್ನು ಕೊರೆಯಿಸಿದನು. ಹೀಗೆ ಕೊರೆದ ತಟ್ಟೆಯ ಮೇಲೆ ವಿದ್ಯುತ್ತಿನ ಮೂಲಕ ತಾಮ್ರವನ್ನು ದಪ್ಪಗೆ ಕೂಡಿಸಿ ಬಿಡಿಸಿದರೆ, ತಗ್ಗಿದ್ದಲ್ಲಿ ಉಬ್ಬು ಇರುವ ಒಂದು ವಿಲೋಮ ಫಲಕ ದೊರೆಯುತ್ತದೆ. ಅದೇ ಅಚ್ಚು. ಮೊದಲು ಗಟ್ಟಿ ರಬ್ಬರಿನಲ್ಲಿ, ಆ ಮೇಲೆ ಶೆಲ್ಯಾಕಿನ ಮಿಶ್ರಣದಲ್ಲಿ ಈ ಅಚ್ಚನ್ನು ಒತ್ತಿ ತಟ್ಟೆಗಳನ್ನು ತೆಗೆಯಲಾಯಿತು. ಶೆಲ್ಯಾಕ್ ಎಂಬುದು ಅರಗಿನ ಹುಳುವಿನ ಉತ್ಪನ್ನ. ಲೋಕದ ಗ್ರಾಮಫೋನ್ ಕಾರ್ಖಾನೆಗಳಿಗೆ ಅದು ಬಹುಮಟ್ಟಿಗೆ ಹಿಂದೂಸ್ಥಾನದಿಂದಲೇ ಹೋಗುತ್ತಿತ್ತು.

೧೮೯೮ರಲ್ಲಿ ಎಮಿಲ್ ಮತ್ತು ಆತನ ಸೋದರ ಜೋಸೆಫ್ ಹ್ಯಾನೋವರಿನಲ್ಲಿ ಡಾಯ್ಚೆ ಗ್ರಾಮಫೋನ್ ಸಂಸ್ಥೆಯನ್ನು ಸ್ಥಾಪಿಸಿದರು. ಇಲ್ಲಿಂದ ಮುಂದೆ ಕಥೆ ನಮ್ಮ ನಾಡಿನ ಹತ್ತಿರಕ್ಕೂ ಬರುತ್ತದೆ. ೧೯೦೨ರಲ್ಲಿ ಫ್ರೆಡ್ ಗೈಸ್‌ಬರ್ಗನು ಕಲ್ಕತ್ತೆಗೆ ಬಂದು ಅಲ್ಲಿನ ಗಾಯಕರ ಧ್ವನಿಯನ್ನು ಮೇಣದ ತಟ್ಟೆಗಳಲ್ಲಿ ಮುದ್ರಿಸಿಕೊಂಡನು. ಅವರಲ್ಲಿ ಅಗ್ರಗಣ್ಯಳಾದವಳು ಗೌಹರ್ ಜಾನ್. ಆ ಮೇಣಗಳು ಹಡಗಿನಲ್ಲಿ ಹ್ಯಾನೋವರಿಗೆ ಹೋಗಿ, ಅಚ್ಚಾಗಿ, ಶೆಲ್ಯಾಕಿನಲ್ಲಿ ಒತ್ತಲ್ಪಟ್ಟು, ತಟ್ಟೆಗಳಾಗಿ ಮರಳಿ ಬಂದವು. ಹಾಡಿನ ಕೊನೆಯಲ್ಲಿ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಸಾರುವುದನ್ನು ಹಳೆಯ ತಟ್ಟೆಗಳಲ್ಲಿ ಕೇಳಬಹುದು. ನಮ್ಮ ಭಾಷೆಗಳನ್ನರಿಯದ ಹ್ಯಾನೋವರಿನ ಕೆಲಸಗಾರರು ಚೀಟಿಯನ್ನು ತಪ್ಪಿಲ್ಲದೆ ಅಂಟಿಸುವಂತಾಗಲಿ ಎಂದು ಹೀಗೆ ಮಾಡಿದರೆಂದು ಹೇಳುವುದುಂಟು. ಓಲೆಯ ಕೊನೆಯಲ್ಲಿ ಹೆಸರನ್ನೂ ಕಾಲವನ್ನೂ ಬರೆಯುವ ನಮ್ಮ ಪದ್ಧತಿಯನ್ನು ಇದು ನೆನಪಿಗೆ ತರುತ್ತದೆ. ಕಲ್ಕತ್ತೆಯಲ್ಲಿಯೇ ತಟ್ಟೆಯ ಕಾರ್ಖಾನೆ ಸ್ಥಾಪಿತವಾದುದು ೧೯೦೮ರಲ್ಲಿ. ಗೌಹರ್ ಜಾನಳ ಬಾಳಿನ ಕೊನೆಯ ಅಂಕ ಮೈಸೂರಿನದು: ೧೯೨೮ರಲ್ಲಿ ಆಕೆ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯಕ್ಕೆ ಬಂದು, ೧೯೩೦ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡಳು. ಆಕೆಯ ಕಂಠವು ಉಳಿದುಬಂದುದು ಹ್ಯಾನೋವರಿನ ಅಚ್ಚಿನಿಂದ.

ಮೇಣದ ಮೂಲತಟ್ಟೆಯಿಂದ ಅಚ್ಚನ್ನು ತೆಗೆಯುವ ಕ್ರಮವನ್ನು ಇಲ್ಲಿ ವಿವರಿಸುವುದು ಅಗತ್ಯ. ಏಕೆಂದರೆ ಎಂಬತ್ತು ವರ್ಷಗಳ ಅನಂತರ ಸಿ.ಡಿ.ಗೂ ಇದೇ ಕ್ರಮ ದಕ್ಕಿತು. ಮೇಣವು ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಆದುದರಿಂದ ಅದರ ಮೇಲೆ ಗ್ರಾಫೈಟಿನಂಥ ನುಣ್ಪುಡಿಯನ್ನು ಸವರಿ, ಲೋಹದ ಲವಣದ ದ್ರಾವಣದಲ್ಲಿ ಮುಳುಗಿಸಿ, ವಿದ್ಯುತ್ತನ್ನು ಹರಿಸುತ್ತಾರೆ. ಲೋಹ ಪದರ ಪದರವಾಗಿ ಕೂಡಿ ಗಟ್ಟಿಯಾಗುತ್ತದೆ. ಬಿಡಿಸಿದಾಗ ದೊರೆಯುವ ಮೊದಲ ಫಲಕವೇ ತಂದೆ, ಅದು ವಿಲೋಮ. ಬಿಡಿಸುವಾಗ ಮೇಣ ಕೆಡುತ್ತದೆ. ಎಂದರೆ ಮೂಲವು ತನ್ನ ಮೊದಲ ಸಂತಾನವನ್ನು ಹಡೆಯುವಾಗಲೇ ನಾಶವಾಗುತ್ತದೆ. ಈಗ ತಂದೆಯಿಂದಲೇ ತಟ್ಟೆಗಳನ್ನು ಒತ್ತತೊಡಗಿದರೆ ಅದು ಸವೆದ ದಿನ ಹಾಡೂ ಹೋದಂತೆ. ಅದನ್ನು ತಪ್ಪಿಸಲು ತಂದೆಯ ಮೇಲೆ ಮತ್ತೆ ಲೋಹವನ್ನು ಕೂಡಿಸಿ ತಾಯಿಯನ್ನು ಪಡೆಯುತ್ತಾರೆ. ಇದು ವಿಲೋಮದ ವಿಲೋಮವಾದುದರಿಂದ ಮೂಲದಂತೆಯೇ ಇರುತ್ತದೆ, ಮುಳ್ಳಿಟ್ಟು ಕೇಳಿ ಪರೀಕ್ಷಿಸಲೂ ಬರುತ್ತದೆ. ತಾಯಿಯಿಂದ ಒತ್ತುವ ಅಚ್ಚುಗಳನ್ನು, ಎಂದರೆ ಮಕ್ಕಳನ್ನು, ಬೇಕಾದಷ್ಟು ತೆಗೆಯುತ್ತಾರೆ. ದುಡಿದು ಸವೆಯುವವರು ಮಕ್ಕಳು. ತಂದೆ ಕಪಾಟಿನಲ್ಲಿ ಭದ್ರವಾಗಿರುತ್ತದೆ. ಮೂಲಪ್ರತಿ ಎಂದೂ ಸಿಗದು, ಸಿಗುವ ಪ್ರತಿಗಳಿಂದ ಅದನ್ನು ಊಹಿಸಬೇಕು ಎಂಬ ನಮ್ಮ ಗ್ರಂಥಸಂಪಾದಕರ ಅನುಭವಕ್ಕೂ ಇದಕ್ಕೂ ಇರುವ ಸಾಮ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎಡಿಸನ್ನನೂ ಸುಮ್ಮನಿರಲಿಲ್ಲ. ಆತ ೧೯೦೨ರಲ್ಲಿ ಮಾರುಕಟ್ಟೆಗೆ ತಂದ ಉರುಳೆಗಳು ಎರಕದವು. ಮೂಲದ ಮೇಣದ ಉರುಳೆಯನ್ನು ಗಾಳಿ ತೆಗೆದ ಪಾತ್ರೆಯಲ್ಲಿಟ್ಟು, ಚಿನ್ನದ ವಿದ್ಯುದಗ್ರಗಳ ನಡುವೆ ಉಚ್ಚ ವಿದ್ಯುತ್ತನ್ನು ಹರಿಸಿ, ಚಿನ್ನದ ಅತಿ ತೆಳುವಾದ ಪೊರೆಯನ್ನು ಅದರ ಮೇಲೆ ಕೂರಿಸುವುದು ಆತನ ಯುಕ್ತಿ. ಉರುಳೆ ಅಂತೂ ಸೋತಿತು; ಆದರೆ ನಿರ್ವಾತದಲ್ಲಿ ಲೋಹವನ್ನು ಆವಿಯಾಗಿಸಿ ಪೊರೆಕೊಡುವ ಆ ಯುಕ್ತಿ ಮುಂದೆ ಸಿ.ಡಿ.ಯ ಕಾರ್ಖಾನೆಯಲ್ಲಿ ಎರಡು ಕಡೆ ಕಾಣಿಸಿಕೊಳ್ಳುತ್ತದೆ.

ಮುಳ್ಳಿನ ಬದಲು ಬೆಳಕಿನಿಂದ ತಟ್ಟೆಯನ್ನು ಓದುವ ವಿಚಾರವನ್ನು ಅಮೆರಿಕೆಯಲ್ಲಿ ಡೇವಿಡ್ ಪಾಲ್ ಗ್ರೆಗ್ ಮೊದಲಾದವರು ಮುಂದಿಟ್ಟಿದ್ದರು. ಹಾಲೆಂಡಿನ ಐಂಡ್‌ಹೋವನ್ನಿನ ಫಿಲಿಪ್ಸ್ ಸಂಶೋಧನಾಲಯದಲ್ಲಿ ಕ್ಲಾಸ್ ಕೊಂಪಾನ್ ಮತ್ತು ಪೀಟ್ ಕ್ರಾಮರ್ ೧೯೬೯ರಿಂದ ಇದರ ಮೇಲೆ ದುಡಿದು, ೧೯೭೨ರಲ್ಲಿ ಚಿತ್ರಗಳನ್ನು ತೋರಿಸುವ ತಟ್ಟೆಯನ್ನು ಪ್ರದರ್ಶಿಸಿದರು. ಅಲ್ಲಿಂದ ಸಂಗೀತದ ಚಿಕ್ಕ ತಟ್ಟೆಗೆ ಬರುವುದಕ್ಕೆ ಜಪಾನಿನ ಸೋನಿಯ ಸಹಯೋಗವೂ ೧೯೮೦ರ ಒಡಂಬಡಿಕೆಯೂ ಬೇಕಾದವು. ಆ ವೃತ್ತಾಂತ ಅನ್ಯತ್ರ ಸುಲಭವಾಗಿ ದೊರೆಯುವುದರಿಂದ ಇಲ್ಲಿ ಬೆಳೆಸುವುದಿಲ್ಲ. ನಮಗೆ ಮುಖ್ಯವಾದುದು ೧೯೮೨ರ ಆಗಸ್ಟ್ ೧೭. ಅಂದು ಸಿ.ಡಿ.ಗಳನ್ನು ಕಾರ್ಖಾನೆಯಲ್ಲಿ ಒತ್ತುವ ಕಾರ್ಯ ಮೊದಲಾಯಿತು. ಸ್ಥಳ, ಹ್ಯಾನೋವರಿಗೆ ಹೊಂದಿಕೊಂಡ ಲಾಂಗೆನ್‌ಹಾಗೆನ್. ಸಂಸ್ಥೆ, ಡಾಯ್ಚೆ ಗ್ರಾಮಫೋನನ್ನು ತನ್ನಲ್ಲಿ ಸೇರಿಸಿಕೊಂಡಿದ್ದ ಪಾಲಿಗ್ರಾಂ. ಬರ್ಲಿನರನ ಹುಟ್ಟೂರಿಗೆ ಈ ಗೌರವ ಬಂದುದು ಕಾಕತಾಳೀಯವೆಂದು ಬಿಟ್ಟುಬಿಡುವಂತಿಲ್ಲ. ಲೋಹದ ಅಚ್ಚನ್ನು ಬೆಳೆಸುವ, ಬಿಡಿಸುವ, ಒತ್ತುವ ಕೈಗಳು ಎರಡು ಮೂರು ತಲೆಮಾರುಗಳಿಂದ ಆ ಪ್ರದೇಶದಲ್ಲಿ ಪಳಗಿದ್ದುವು.

ಸಿ.ಡಿ.ಯಲ್ಲಿ ಒತ್ತಬೇಕಾದುದು ಎಷ್ಟು ಸೂಕ್ಷ್ಮ ಎಂಬುದನ್ನು ಮೊದಲು ಮನಗಾಣಬೇಕು. ತಟ್ಟೆಯ ವ್ಯಾಸ ೧೨೦ ಮಿ.ಮೀ., ದಪ್ಪ ೧.೨ ಮಿ.ಮೀ. ಅದರೊಳಗೆ ಒಂದು ಸುರುಳಿಗೆರೆ ನಡುವಿನಿಂದ ಹೊರಕ್ಕೆ ಹರಿಯುತ್ತದೆ. ಮಿಲಿಮೀಟರಿನ ಸಾವಿರದಲ್ಲೊಂದು ಪಾಲನ್ನು ಮೈಕ್ರಾನ್ ಎನ್ನುವುದಾದರೆ, ಸುರುಳಿಯ ಒಂದು ಸುತ್ತಿಗೂ ಇನ್ನೊಂದಕ್ಕೂ ಇರುವ ಅಂತರ ೧.೬ ಮೈಕ್ರಾನ್. ೭೮ರ ಗ್ರಾಮಫೋನ್ ತಟ್ಟೆಯಲ್ಲಿ ಒಂದು ಗೆರೆ ಹಿಡಿಯುವ ಅಗಲದಲ್ಲಿ ಇಲ್ಲಿ ನೂರೈವತ್ತರಷ್ಟು ಗೆರೆಗಳು ಹಿಡಿಸುತ್ತವೆ. ೭೪ ನಿಮಿಷಗಳ ತಟ್ಟೆಯಲ್ಲಿ ಈ ಸುರುಳಿಯನ್ನು ಬಿಚ್ಚಿ ಎಳೆದರೆ ಐದು ಕಿಲೋಮೀಟರುಗಳನ್ನು ಮೀರುತ್ತದೆ. ಗೆರೆಯುದ್ದಕ್ಕೂ ಸಣ್ಣ ಕುಳಿಗಳಿವೆ: ಅಗಲ ಅರ್ಧ ಮೈಕ್ರಾನಿನಷ್ಟು, ಉದ್ದ ಒಂದಕ್ಕೆ ತುಸು ಕಡಮೆಯಿಂದ ಮೂರು ಮೈಕ್ರಾನುಗಳವರೆಗೆ, ಆಳ ಮೈಕ್ರಾನಿನ ಎಂಟನೆಯ ಒಂದು ಪಾಲಿನ ಆಸುಪಾಸು. ಈ ಆಳವನ್ನು ಮನಬಂದಂತೆ ಆರಿಸಿದುದಲ್ಲ. ಓದುವ ಲೇಸರಿನ ತರಂಗಾಂತರ ಪ್ಲಾಸ್ಟಿಕಿನೊಳಗೆ ಅರ್ಧ ಮೈಕ್ರಾನಿನಷ್ಟಾಗುತ್ತದೆ. ಕುಳಿಯ ಆಳ ಅದರ ಕಾಲು ಭಾಗದಷ್ಟು. ಕುಳಿಯ ತಳಕ್ಕೆ ಹೋಗಿ ಬರುವ ಬೆಳಕು ಸುತ್ತಲಿನ ಸಮತಲದಿಂದ ಮರಳುವ ಬೆಳಕಿಗಿಂತ ಅರ್ಧ ತರಂಗದಷ್ಟು ಹಿಂದೆ ಬೀಳುತ್ತದೆ; ಎರಡೂ ಒಂದನ್ನೊಂದು ಅಳಿಸುತ್ತವೆ; ಓದುವ ಕಣ್ಣಿಗೆ ಅಲ್ಲಿ ಕತ್ತಲೆ ಕಾಣುತ್ತದೆ. ಬೆಳಕು ಕತ್ತಲೆಗಳ ಈ ಸಂಧಿಗಳೇ ಅಕ್ಷರಗಳು.

ಇಂಥ ಕುಳಿಗಳನ್ನು ಮುಳ್ಳಿನಿಂದ ಕೊರೆಯುವುದು ಆಗದ ಮಾತು. ಅದಕ್ಕಾಗಿ ಕನ್ನಡಿಯಂತೆ ನುಣುಪು ಮಾಡಿದ, ೨೪೦ ಮಿ.ಮೀ. ವ್ಯಾಸದ ದಪ್ಪ ಗಾಜಿನ ಫಲಕವನ್ನು ತೆಗೆದುಕೊಂಡು, ಶುದ್ಧಜಲದಿಂದ ತೊಳೆದು, ತಿರುಗಿಸುತ್ತ ಅದರ ಮೇಲೆ ಫೋಟೋರೆಸಿಸ್ಟ್ ಎಂಬ ರಾಳದ ದ್ರವವನ್ನು ಸುರಿಯುತ್ತಾರೆ. ತಿರುಗುವ ವೇಗಕ್ಕೆ ರಾಳ ಸಮನಾಗಿ ಹರಡುತ್ತದೆ. ಈ ಪೊರೆಯ ದಪ್ಪವೇ ಮುಂದೆ ಕುಳಿಯ ಆಳವಾಗುವುದರಿಂದ ಇಲ್ಲಿ ತಪ್ಪಿದರೆ ಮುಂದೆ ತಿದ್ದುವುದಕ್ಕೆ ಬರುವುದಿಲ್ಲ. ಒಣಗಿಸಿದ ಮೇಲೆ ನೀಲಿಯ ಲೇಸರ್ ಕಿರಣವೊಂದು ತಿರುಗುವ ಫಲಕದ ಮೇಲೆ ಒಳಗಿನಿಂದ ಹೊರಕ್ಕೆ ಸರಿಯುತ್ತ, ಸಂಕೇತಕ್ಕೆ ಅನುಗುಣವಾಗಿ ಉರಿದು ನಂದುತ್ತದೆ. ಬೆಳಕು ತಾಗಿದ ರಾಳವು ಕ್ಷಾರದ್ರವದಲ್ಲಿ ಕರಗಿಹೋಗುತ್ತದೆ, ತಾಗದುದು ಉಳಿಯುತ್ತದೆ. ಕುಳಿಗಳು ಸಿದ್ಧವಾದುವು. ಇದರ ಮೇಲೆ ನಿರ್ವಾತದಲ್ಲಿ ಬೆಳ್ಳಿಯ ಅಥವಾ ನಿಕ್ಕಲಿನ ತೆಳುಪೊರೆಯನ್ನು ಕೊಡುತ್ತಾರೆ. ಎಡಿಸನ್ನನ ಚಿನ್ನದ ಪೊರೆ ಇಲ್ಲಿ ಮೊದಲ ಸಲ ನೆನಪಾಗುತ್ತದೆ. ಅನಂತರ ನಿಕ್ಕಲ್ ಲವಣದ ತೊಟ್ಟಿಯಲ್ಲಿ ವಿದ್ಯುತ್ತನ್ನು ಹರಿಸಿ, ಮಿಲಿಮೀಟರಿನ ಮೂರನೆಯ ಒಂದು ಪಾಲಿನಷ್ಟು ದಪ್ಪಕ್ಕೆ ನಿಕ್ಕಲನ್ನು ಬೆಳೆಸಿ ಬಿಡಿಸುತ್ತಾರೆ. ಇದು ತಂದೆ. ತಂದೆಯಿಂದ ತಾಯಿ, ತಾಯಿಯಿಂದ ಮಕ್ಕಳು. ಬರ್ಲಿನರನ ಕಾಲದ ಕೆಲಸಗಾರನೊಬ್ಬನನ್ನು ಇಲ್ಲಿ ತಂದು ನಿಲ್ಲಿಸಿದರೆ ಲೇಸರನ್ನು ಕಂಡು ಬೆರಗಾಗಬಹುದು. ಈ ತೊಟ್ಟಿಯ ಬಳಿ ಮಾತ್ರ ಆತನಿಗೆ ಯಾರೂ ಏನನ್ನೂ ಹೇಳಿಕೊಡಬೇಕಾಗಿಲ್ಲ. ಗಾಜಿನ ಮೇಲಿನ ರಾಳ ಬಿಡಿಸುವಾಗ ಹಾಳಾಗುತ್ತದೆ. ಗಾಜನ್ನು ತೊಳೆದು ಬೇರೊಂದು ಕೃತಿಗೆ ಉಪಯೋಗಿಸುತ್ತಾರೆ. ಇಲ್ಲಿಯೂ ಮೂಲ ಉಳಿಯುವುದಿಲ್ಲ.

ಒತ್ತುವ ಕಾರ್ಯದಲ್ಲಿ ಅರಗಿನ ಜಾಗಕ್ಕೆ ಪಾಲಿಕಾರ್ಬೊನೇಟ್ ಬಂದಿದೆ. ಚೆನ್ನಾಗಿ ಒಣಗಿಸಿದ ಅದರ ಕಾಳುಗಳನ್ನು ೩೦೦ ಡಿಗ್ರಿ ಸೆಲ್ಸಿಯಸ್ಸಿಗೂ ಮೇಲ್ಪಟ್ಟು ಕಾಯಿಸಿ ಕರಗಿಸಿ, ಒಂದು ಮಗ್ಗುಲಲ್ಲಿ ಅಚ್ಚನ್ನು ಕೂರಿಸಿದ ಬಾಯಿಮುಚ್ಚಿದ ಪಡಿಯಚ್ಚಿನೊಳಕ್ಕೆ ನಡುವಿನಿಂದ ನುಗ್ಗಿಸುತ್ತಾರೆ. ದ್ರವವು ಹೊರ ಅಂಚಿನವರೆಗೆ ಹರಿದು, ಪ್ರತಿಯೊಂದು ಉಬ್ಬನ್ನೂ ತಬ್ಬಿ, ಆರಿ ಗಟ್ಟಿಯಾಗಬೇಕು. ತುಂಬ ತಣ್ಣಗಿನ ಅಚ್ಚಾದರೆ ಕುಳಿಗಳು ಪೂರ್ತಿ ಮೂಡುವುದಕ್ಕೆ ಮೊದಲೇ ದ್ರವ ಹೆಪ್ಪುಗಟ್ಟುತ್ತದೆ. ತುಂಬ ಬಿಸಿಯಾದರೆ ತಟ್ಟೆ ಬಾಗುತ್ತದೆ. ಆತುರಪಟ್ಟರೆ ಪ್ಲಾಸ್ಟಿಕಿನ ಒಡಲಲ್ಲಿ ಬಿಗಿತವುಳಿದು ಬೆಳಕನ್ನು ಎರಡಾಗಿ ಸೀಳುತ್ತದೆ. ಈ ಹದವನ್ನು ಸಾಧಿಸಿದ ಮೇಲೆ ಒಂದು ತಟ್ಟೆಗೆ ಬೇಕಾಗುವುದು ಕೆಲವೇ ಸೆಕೆಂಡುಗಳು. ಹೊರಬಂದ ತಟ್ಟೆ ಗಾಜಿನಂತೆ ಪಾರದರ್ಶಕ. ನಿರ್ವಾತದಲ್ಲಿ ಅದರ ಕುಳಿಗಳ ಮುಖಕ್ಕೆ ಅಲ್ಯುಮಿನಿಯಮಿನ ಪೊರೆಯನ್ನು ಕೊಟ್ಟು (ಎಡಿಸನ್ನನ ಯುಕ್ತಿ ಎರಡನೆಯ ಸಲ), ಅದರ ಮೇಲೆ ಅರಗೆಣ್ಣೆಯಂಥ ಲೇಪವನ್ನು ಹರಡಿ ಅತಿನೇರಿಳೆ ಬೆಳಕಿನಿಂದ ಗಟ್ಟಿಮಾಡಿ, ಹೆಸರನ್ನು ಮುದ್ರಿಸುತ್ತಾರೆ. ಒಂದು ಅಚ್ಚು ಹತ್ತಾರು ಸಾವಿರ ತಟ್ಟೆಗಳನ್ನು ಒತ್ತಬಲ್ಲುದು. ಹೀಗಿರಲಾಗಿ, ಎಪ್ಪತ್ತು ನಿಮಿಷಗಳ ಸಂಗೀತವನ್ನು ಪ್ರತಿಮಾಡುವುದಕ್ಕೂ ಏಳು ನಿಮಿಷಗಳದನ್ನು ಪ್ರತಿಮಾಡುವುದಕ್ಕೂ ಇಲ್ಲಿ ವ್ಯತ್ಯಾಸವೇ ಇಲ್ಲ. ಸಮಗ್ರ ಕೃತಿ ಒಮ್ಮೆಗೇ ಮೂಡುತ್ತದೆ.

ಒಂದು ಉಪಪ್ರಶ್ನೆಯನ್ನು ಇಲ್ಲಿಯೇ ಮುಗಿಸಬಹುದು. ಇಷ್ಟು ಸೂಕ್ಷ್ಮವಾದ ಕುಳಿಗಳಲ್ಲಿ ಕೆಲವು ತಪ್ಪದೆ ಕೆಡುತ್ತವೆ. ಧೂಳಿನ ಒಂದು ಕಣ ಅನೇಕ ಕುಳಿಗಳನ್ನು ಮುಚ್ಚಬಲ್ಲುದು. ಆದರೂ ತಟ್ಟೆ ನಿರ್ದುಷ್ಟವಾಗಿ ಕೇಳಿಸುವುದೇಕೆ? ಇರ್ವಿಂಗ್ ರೀಡ್ ಮತ್ತು ಗುಸ್ತಾವ್ ಸಾಲಮನ್ ಎಂಬ ಗಣಿತಜ್ಞರು ೧೯೬೦ರಲ್ಲಿ ಪ್ರಕಟಿಸಿದ ಸಂಕೇತಕ್ರಮದ ಆಧಾರದಿಂದ, ಪಾಠದ ಜೊತೆಗೆ ಅದನ್ನು ಪರಿಶೀಲಿಸುವ ಅಧಿಕಾಂಕಗಳನ್ನೂ ಹೆಣೆದಿರುತ್ತಾರೆ. ಗೆರೆಯಲ್ಲಿ ಎರಡೂವರೆ ಮಿಲಿಮೀಟರು ಅಳಿದುಹೋದರೂ ಉಳಿದುದರಿಂದ ಅದನ್ನು ಪೂರ್ತಿಯಾಗಿ ಕಟ್ಟಿಕೊಳ್ಳಬಹುದು. ನಮ್ಮ ಕಂದಪದ್ಯದಲ್ಲಿ ಲಿಪಿಕಾರನು ಒಂದಕ್ಷರವನ್ನು ಬಿಟ್ಟರೆ ಮಾತ್ರಾಗಣ ಕೆಡುತ್ತದೆ. ಎರಡನೆಯಕ್ಷರವನ್ನು ತಪ್ಪಿ ಬರೆದರೆ ಪ್ರಾಸ ಕೆಡುತ್ತದೆ. ಕೆಟ್ಟುದು ಗೊತ್ತಾಗುವುದಷ್ಟೇ ಅಲ್ಲ, ಏನಿದ್ದಿರಬೇಕೆಂಬುದೂ ಎಷ್ಟೋ ಸಲ ತಿಳಿಯುತ್ತದೆ. ಯಂತ್ರದ ಅಧಿಕಾಂಕಗಳು ಮಾಡುವುದೂ ಇದನ್ನೇ.

ಈಗ ಎರಡನೆಯ ಕುಲಕ್ಕೆ ಬರಬೇಕು. ಅಚ್ಚನ್ನು ಸಿದ್ಧಪಡಿಸುವ ವೆಚ್ಚ ದೊಡ್ಡದು. ಸಾವಿರಾರು ಪ್ರತಿಗಳ ಮೇಲೆ ಹಂಚಿದಾಗ ಅದು ನಗಣ್ಯ. ಐವತ್ತು ಪ್ರತಿಗಳು ಸಾಕೆನ್ನುವ ಸಂಸ್ಥೆಗೆ ಹೊರಲಾರದ ಭಾರ. ೧೯೮೮ರಲ್ಲಿ ಜಪಾನಿನ ತಾಯಿಯೋ ಯೂಡೆನ್ ಸಂಸ್ಥೆ ಬರೆಯಬಲ್ಲ ಸಿ.ಡಿ.ಯನ್ನು ರೂಪಿಸಿತು. ಅದರಲ್ಲಿ ಕುಳಿಗಳಿಲ್ಲ, ಪಾಲಿಕಾರ್ಬೊನೇಟಿನಲ್ಲಿ ಬರಿಯ ಒಂದು ಸುರುಳಿ ಕಾಲುವೆಯುಂಟು, ಅದರ ಮೇಲೆ ಬಣ್ಣದ ಪದರ, ಅದರ ಮೇಲೆ ಚಿನ್ನದ ಅಥವಾ ಬೆಳ್ಳಿಯ ಪೊರೆ. ಬರೆಯುವ ಲೇಸರಿನ ಕಾವಿಗೆ ಬಣ್ಣ ಅಲ್ಲಲ್ಲಿ ಮಾರ್ಪಟ್ಟು, ಓದುವ ಬೆಳಕಿಗೆ ಕುಳಿಯಂತೆ ತೋರುತ್ತದೆ. ಬರೆಯುವ ಯಂತ್ರಕ್ಕೆ ದಾರಿ ತೋರಿಸುವ ಆ ಕಾಲುವೆಯನ್ನು ಮಾತ್ರ ಕಾರ್ಖಾನೆಯಲ್ಲಿ ನಿಕ್ಕಲಿನ ಅಚ್ಚಿನಿಂದ ಒತ್ತಿಯೇ ಮಾಡಬೇಕು. ಗೆರೆ ಎಳೆದ ಕಾಗದವನ್ನು ಅಚ್ಚುಕೂಟದಿಂದ ತಂದು ಅದರ ಮೇಲೆ ಕೈಯಿಂದ ಬರೆದಂತೆ.

ಅನೇಕ ಪ್ರತಿಗಳನ್ನು ಒಟ್ಟಿಗೆ ಬರೆಯುವ ಯಂತ್ರವನ್ನು ನಮ್ಮ ಪಟ್ಟಣಗಳ ಸ್ಟುಡಿಯೋಗಳಲ್ಲಿ ಡೂಪ್ಲಿಕೇಟರ್ ಎಂದು ಕರೆಯುತ್ತಿದ್ದರು. ಹೊರನೋಟಕ್ಕೆ ಅದು ಅರೆಗಳನ್ನು ಒಂದರ ಮೇಲೊಂದು ಜೋಡಿಸಿದ ಕಪಾಟು. ಮೇಲಿನ ಅರೆಯಲ್ಲಿ ಓದುವ ಯಂತ್ರ. ಕೆಳಗಿನ ಏಳು, ಹತ್ತು ಅರೆಗಳಲ್ಲಿ ಬರೆಯುವ ಯಂತ್ರಗಳು. ಇವನ್ನು ಆಳುವ ನಿಯಂತ್ರಕ ಫಲಕವೊಂದು. ಮಾತೃಕೆಯನ್ನು ಮೇಲಿನದರಲ್ಲಿಟ್ಟರೆ ನಿಯಂತ್ರಕವು ಓದಿದುದನ್ನು ಎಲ್ಲ ಯಂತ್ರಗಳಿಗೂ ಏಕಕಾಲದಲ್ಲಿ ಒಪ್ಪಿಸುತ್ತದೆ. ಒಬ್ಬನು ಓದಿ ಹೇಳುತ್ತಿರಲು ಹತ್ತು ಮಂದಿ ಲಿಪಿಕಾರರು ಬರೆದುಕೊಳ್ಳುವ ದೃಶ್ಯವೇ ಇದು. ಎಡಿಸನ್ನನ ಸಾಲುಯಂತ್ರಗಳ ಎದುರು ನಿಂತ ಗಾಯಕನ ದೃಶ್ಯವೂ ಹೌದು. ಬರೆಯುವುದಕ್ಕೆ ಮೊದಲು ಪ್ರತಿಯೊಂದು ಯಂತ್ರವೂ ತಟ್ಟೆಯ ಒಳ ಅಂಚಿನಲ್ಲಿ ಮೀಸಲಿಟ್ಟ ಜಾಗದಲ್ಲಿ ಬೇರೆ ಬೇರೆ ಕಾವಿನಿಂದ ಕೆಲವು ಗುರುತುಗಳನ್ನು ಮಾಡಿ, ಓದಿ ನೋಡಿ, ಆ ಬಣ್ಣಕ್ಕೆ ತಕ್ಕ ಕಾವನ್ನು ಆರಿಸಿಕೊಳ್ಳುತ್ತದೆ. ಲೇಖಣಿಯನ್ನು ಅಂಚಿನಲ್ಲಿ ಗೀಚಿ ನೋಡದೆ ಬರೆಯತೊಡಗುವ ಲಿಪಿಕಾರನುಂಟೇ? ಬರೆಯುವಾಗ ಸಂಕೇತದ ಪ್ರವಾಹ ಕಡಿಯಬಾರದು. ಆದುದರಿಂದ ಪ್ರತಿಯೊಂದರಲ್ಲಿಯೂ ಸ್ವಲ್ಪ ಮುಂಗಡ ಪಾಠವನ್ನು ಹಿಡಿದಿಡುವ ಸ್ಮೃತಿಕೋಶವಿರುತ್ತದೆ. ಮೊದಲ ಕಾಲದ ಯಂತ್ರಗಳಲ್ಲಿ ಆ ಕೋಶ ಬರಿದಾದರೆ ತಟ್ಟೆ ಅಲ್ಲಿಗೇ ವ್ಯರ್ಥ. ೨೦೦೦ದ ಸುಮಾರಿಗೆ, ನಿಂತ ಕಡೆಯಿಂದ ಮತ್ತೆ ಬರೆಯತೊಡಗುವ ಉಪಾಯ ಬಂದಿತು. ಕೇಳುವ ವೇಗದಲ್ಲಿ ಬರೆದರೆ ೭೪ ನಿಮಿಷದ ತಟ್ಟೆಗೆ ೭೪ ನಿಮಿಷವೂ ಬೇಕು. ಮುಂದೆ ಈ ವೇಗ ಹತ್ತುಪಟ್ಟು, ನಲವತ್ತುಪಟ್ಟು ಬೆಳೆಯಿತಾದರೂ, ಉದ್ದದ ಕೃತಿಗೆ ಹೆಚ್ಚು ಕಾಲವೆಂಬ ಲಿಪಿಕಾರನ ನಿಯಮ ಮಾತ್ರ ಬದಲಾಗಲಿಲ್ಲ. ಎಡಿಸನ್ನನ ನಕಲುಗಳಿಗೂ ಇವುಗಳಿಗೂ ಒಂದು ಅಂತರವುಂಟು. ಅಂಕೆಗಳಾಗಿ ಬರೆದುದರಿಂದ ನಕಲಿನ ನಕಲು ಕ್ಷೀಣವಾಗುವುದಿಲ್ಲ. ಪಾಠ ಅಕ್ಷರಶಃ ಒಂದೇ. ಒಡಲು ಮಾತ್ರ ಬೇರೆ ಬೇರೆ.

ನಮ್ಮ ದೇಶದಲ್ಲಿ ಈ ಬರೆಯುವ ತಟ್ಟೆಗಳ ಕಾಲ ಅಲ್ಪಾಯುವಾಗಿತ್ತು. ೧೯೮೩ರಲ್ಲಿ 'ಮೋಸರ್ ಬೇರ್ ಇಂಡಿಯಾ' ಎಂಬ ಹೆಸರಿನಿಂದ ಸ್ಥಾಪಿತವಾದ ಸಂಸ್ಥೆ, ದೆಹಲಿಯ ಬಳಿಯ ತನ್ನ ಕಾರ್ಖಾನೆಗಳಲ್ಲಿ ಖಾಲಿ ತಟ್ಟೆಗಳನ್ನು ತಯಾರಿಸಿ, ಲೋಕದ ದೊಡ್ಡ ತಯಾರಕರ ಸಾಲಿಗೆ ಸೇರಿತು. ಕನ್ನಡವೂ ಸೇರಿದಂತೆ ಅನೇಕ ಭಾಷೆಗಳ ಚಲನಚಿತ್ರಗಳನ್ನು ಅಗ್ಗದ ತಟ್ಟೆಗಳಲ್ಲಿ ಮನೆಮನೆಗೆ ಮುಟ್ಟಿಸಿತು. ೨೦೧೮ರಲ್ಲಿ ಅದರ ಆಸ್ತಿಯನ್ನು ವಿಲೇವಾರಿ ಮಾಡುವಂತೆ ನ್ಯಾಯಮಂಡಳಿ ಆಜ್ಞೆ ಮಾಡಿತು.

ಬಾಳಿಕೆಯ ಪ್ರಶ್ನೆ ಇಲ್ಲಿ ಹುಟ್ಟುತ್ತದೆ. ಒತ್ತಿದ ತಟ್ಟೆಯಲ್ಲಿ ಪಾಠವಿರುವುದು ಪ್ಲಾಸ್ಟಿಕಿನ ಆಕಾರದಲ್ಲಿ. ಬರೆದ ತಟ್ಟೆಯಲ್ಲಿರುವುದು ಬಣ್ಣದ ಪದರದಲ್ಲಿ. ಬಣ್ಣವೆಂದ ಮೇಲೆ ಬೆಳಕು, ಕಾವು, ತೇವಗಳಿಗೆ ಅದು ಮಾಸತಕ್ಕದ್ದೇ. ಒತ್ತಿದುದು ಅಮರವೆಂದು ಇದರ ಅರ್ಥವಲ್ಲ. ೧೯೮೮ರಿಂದ ೧೯೯೩ರವರೆಗೆ ಇಂಗ್ಲೆಂಡಿನ ಒಂದು ಕಾರ್ಖಾನೆಯಿಂದ ಹೊರಟ ಅನೇಕ ಒತ್ತಿದ ತಟ್ಟೆಗಳು, ಮೇಲಿನ ಲೇಪ ದುರ್ಬಲವಾದುದರಿಂದ, ಚೀಟಿಯ ಕಾಗದದಲ್ಲಿದ್ದ ಗಂಧಕ ತಾಗಿ ಕಂಚಿನ ಬಣ್ಣಕ್ಕೆ ತಿರುಗಿ ಕೆಟ್ಟವು. ಆದರೆ ಅಲ್ಲಿ ಕೆಟ್ಟ ಒಂದು ತಟ್ಟೆಗೆ ಬೇರೆಡೆ ಸೋದರರಿರುವ ಸಂಭವ ಹೆಚ್ಚು. ಲೋಹದ ತಾಯಿಯೂ ಎಲ್ಲಾದರೂ ಇರಬಹುದು. ಬರೆದ ತಟ್ಟೆಗೆ ಹಾಗಿಲ್ಲ. ಅದು ಎಷ್ಟೋ ಸಲ ಏಕೈಕ ಪ್ರತಿ.

ಇದನ್ನು ನಾನು ಪುಸ್ತಕದಿಂದ ಕಲಿತುದಲ್ಲ. ಕೆಲವು ವರ್ಷಗಳ ಹಿಂದೆ ಒಂದು ಗ್ರಂಥಭಂಡಾರದಲ್ಲಿ, ಅದರ ಹೆಸರು ಇಲ್ಲಿ ಅಪ್ರಸ್ತುತ, ಒಂದು ಕಾವ್ಯದ ಓಲೆಯ ಪ್ರತಿಯನ್ನು ನೋಡಬೇಕಾಗಿ ಬಂದಿತು. ಓಲೆ ಜೀರ್ಣವಾಗಿದೆ, ಅದರ ಚಿತ್ರಗಳು ಸಿ.ಡಿ.ಯಲ್ಲಿವೆ, ಅದನ್ನೇ ನೋಡತಕ್ಕದ್ದು ಎಂದು ಅಲ್ಲಿಯವರು ತಿಳಿಸಿದರು. ಕಬ್ಬಿಣದ ಬೀರುವಿನಲ್ಲಿ ತಟ್ಟೆಗಳು ಅಂದವಾಗಿ ಸಾಲಾಗಿದ್ದುವು. ಕಿಟಕಿಯ ಬಿಸಿಲು ದಿನವೂ ಅದೇ ಬೀರುವಿನ ಮೇಲೆ ಬೀಳುತ್ತಿತ್ತು. ನನಗೆ ಬೇಕಾದ ಎರಡು ತಟ್ಟೆಗಳಲ್ಲಿ ಒಂದು ತೆರೆದುಕೊಂಡಿತು; ಇನ್ನೊಂದನ್ನು ಮೂರು ಬೇರೆ ಬೇರೆ ಯಂತ್ರಗಳಲ್ಲಿಟ್ಟರೂ ಓದಲಾಗಲಿಲ್ಲ. ಎರಡನೆಯ ಪ್ರತಿ ಇದೆಯೇ ಎಂದು ವಿಚಾರಿಸಲಾಗಿ, ಇದೇ ಎರಡನೆಯ ಪ್ರತಿ, ಮೊದಲನೆಯದು ಓಲೆ ಎಂಬ ಉತ್ತರ ಬಂದಿತು. ಕೊನೆಗೆ ಓಲೆಯ ಕಟ್ಟನ್ನೇ ಬಿಚ್ಚಿದೆವು. ಅಂಚುಗಳು ಮುರಿದಿದ್ದುವು, ಒಂದೆರಡು ಗರಿಗಳನ್ನು ಹುಳು ತಿಂದಿತ್ತು. ಮಸಿ ಹಚ್ಚಿ ಒರಸಿದ ಮೇಲೆ ಉಳಿದ ಅಕ್ಷರಗಳೆಲ್ಲ ಎದ್ದು ಕಂಡವು.

ಭಂಡಾರದ ಪಟ್ಟಿಗಳಲ್ಲಿ 'ಸಿ.ಡಿ.' ಎಂದಷ್ಟೇ ಬರೆಯುವ ಪದ್ಧತಿ ಆದುದರಿಂದ ಸಾಲದು. ಒತ್ತಿದುದೋ ಬರೆದುದೋ ಎಂಬುದನ್ನು ನಿರ್ಣಯಿಸುವುದು ಕಷ್ಟವಲ್ಲ. ತಟ್ಟೆಯ ಓದುವ ಮುಖವನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಒತ್ತಿದುದು ಬರಿಯ ಬೆಳ್ಳಿಯಂತೆ ಕಾಣುತ್ತದೆ. ಬರೆದುದರಲ್ಲಿ ಹಸುರು, ನೀಲಿ ಅಥವಾ ಹೊಂಬಣ್ಣದ ಛಾಯೆಯಿರುತ್ತದೆ, ಪಾಠ ಮುಗಿದ ಕಡೆ ಒಂದು ಗೆರೆಯೂ ಕಾಣುವುದುಂಟು. ನಡುರಂಧ್ರದ ಸುತ್ತಲಿನ ಉಂಗುರವನ್ನು ಭೂತಗನ್ನಡಿಯಿಂದ ನೋಡಬೇಕು. ಒತ್ತಿದ ತಟ್ಟೆಯಲ್ಲಿ ಅಲ್ಲಿ ಅಚ್ಚಿನ ಸಂಖ್ಯೆಯಿರುತ್ತದೆ. ೧೯೯೪ರಿಂದೀಚಿನವುಗಳಲ್ಲಿ ಮೂಲಫಲಕವನ್ನು ಮಾಡಿದ ಕಾರ್ಖಾನೆ ಯಾವುದು, ಒತ್ತಿದ ಪಡಿಯಚ್ಚು ಯಾವುದು ಎಂಬುದನ್ನು ಸೂಚಿಸುವ ಅಂತರರಾಷ್ಟ್ರೀಯ ಸಂಕೇತಗಳೂ ಅನೇಕ ಸಲ ಸಿಗುತ್ತವೆ. ಲಿಪಿಕಾರನ ಕೊನೆಯ ಬರಹದಿಂದ ಓಲೆಯ ಕಾಲದೇಶಗಳನ್ನು ಗೊತ್ತುಮಾಡುವಂತೆ ಇವುಗಳಿಂದ ಒಂದು ತಟ್ಟೆಯ ಆವೃತ್ತಿಯನ್ನು ಗೊತ್ತುಮಾಡಬಹುದು. ಬರೆದ ತಟ್ಟೆಯ ಉಂಗುರದಲ್ಲಿಯೂ ಒಂದು ಸಂಖ್ಯೆಯಿರುವುದುಂಟು. ಅದನ್ನು ಕಂಡು ಮೋಸಹೋಗಬಾರದು. ಅದು ಖಾಲಿ ತಟ್ಟೆಯನ್ನು ಒತ್ತಿದ ಕಾರ್ಖಾನೆಯದು. ಅದರ ಮೇಲೆ ಮುಂದೆ ಯಾರು, ಎಂದು, ಏನನ್ನು ಬರೆದರೆಂಬುದನ್ನು ಆ ಸಂಖ್ಯೆ ತಿಳಿಸದು. ನಾನು ನೋಡಿದ ಆ ಓದಲಾರದ ತಟ್ಟೆಯ ಉಂಗುರದಲ್ಲಿಯೂ ಅಂಥದೇ ಒಂದು ಸಂಖ್ಯೆ ಸ್ಪಷ್ಟವಾಗಿ ಉಳಿದಿತ್ತು. ಮೇಲ್ಮುಖದಲ್ಲಿ ಕಾವ್ಯದ ಹೆಸರನ್ನು ಬರೆದಿದ್ದ ಶಾಯಿ ಮಾತ್ರ ಹರಡಿಹೋಗಿತ್ತು.